ಡಚೆಸ್‌ಗೆ ಶಿಕ್ಷೆ ವಿಧಿಸಿದವರು ಯಾರು?

ಜಾನ್ ವೆಬ್‌ಸ್ಟರ್‌ನ ‘ದ ಡಚೆಸ್ ಆಫ್ ಮಾಲ್ಫಿ’ ನಾಟಕದ ನಾಲ್ಕನೆಯ ಅಂಕದ ಕೊನೆಯಲ್ಲಿ ಫರ್ಡಿನೆಂಡ್ ತನ್ನ ಅವಳಿ ಸೋದರಿ, ಗುಟ್ಟಾಗಿ ಮರುಮದುವೆಯಾದ ವಿಧವೆ ಡಚೆಸ್‌ಳ ಹೆಣದ ಮುಂದೆ ನಿಂತಿದ್ದಾನೆ. ಕೊಲ್ಲಿಸಿದವನು ಅವನೇ. ‘ಅವಳ ಮುಖ ಮುಚ್ಚು, ನನ್ನ ಕಣ್ಣು ಕುಕ್ಕುತ್ತಿದೆ, ಎಳೆ ವಯಸ್ಸಿಗೇ ಸತ್ತಳು’ ಅನ್ನುತ್ತಾನೆ. ಆಮೇಲೆ ಕೊಲೆಯ ಕೆಲಸ ನಡೆಸಿದ ಬೊಸೋಲಾನ ಕಡೆ ತಿರುಗಿ, ಯಾವ ಅಧಿಕಾರದ ಮೇಲೆ ಈ ಶಿಕ್ಷೆ ಜಾರಿ ಮಾಡಿದೆ ಎಂದು ಕೇಳುತ್ತಾನೆ. ‘ನಿಮ್ಮ ಅಧಿಕಾರದ ಮೇಲೆ’ ಅಂತ ಬೊಸೋಲಾ. ಫರ್ಡಿನೆಂಡ್ ಬೆಚ್ಚಿಬೀಳುತ್ತಾನೆ: ‘ನನ್ನದೇ? ನಾನೇನು ಅವಳ ನ್ಯಾಯಾಧೀಶನೇ? ಯಾವ ಕಾನೂನಿನ ವಿಧಿ ಅವಳು ಇಲ್ಲವಾಗಬೇಕೆಂದು ತೀರ್ಪು ಕೊಟ್ಟಿತು?’

ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಷೇಕ್ಸ್‌ಪಿಯರ್ ಕಾಲದ ನಾಟಕಗಳಲ್ಲಿ ಹೆಣ್ಣಿನ ಮೇಲಿದ್ದ ಕಟ್ಟುಪಾಡುಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಕಾನೂನನ್ನು ದೂರುತ್ತೇವೆ, ಚರ್ಚನ್ನು ದೂರುತ್ತೇವೆ. ಎರಡೂ ಬಿಗಿಯಾಗಿಯೇ ಇದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕಾಲದ ನಾಟಕಕಾರರು ಕಂಡದ್ದು ಅದಕ್ಕಿಂತ ಹತ್ತಿರದ್ದನ್ನು. ಕಾನೂನು ಬಿಟ್ಟುಕೊಟ್ಟ ಸಣ್ಣ ಜಾಗವನ್ನೂ ಮನೆಯವರು ಬಂದು ಮುಚ್ಚುತ್ತಾರೆ. ಡಚೆಸ್ ವಿಷಯದಲ್ಲಿ ಕೋರ್ಟು ಸೇರಲೇ ಇಲ್ಲ. ಅಣ್ಣಂದಿರೇ ಕೋರ್ಟು, ಅರಮನೆಯೇ ಜೈಲು, ಸಂಬಳದ ಆಳೇ ಗಲ್ಲಿಗೇರಿಸುವವನು.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. 1632ರಲ್ಲಿ ಲಂಡನ್ನಿನಲ್ಲಿ ಹೆಂಗಸರಿಗೆ ಸಂಬಂಧಿಸಿದ ಕಾನೂನುಗಳನ್ನೆಲ್ಲ ಒಟ್ಟು ಮಾಡಿದ ಒಂದು ಪುಸ್ತಕ ಅಚ್ಚಾಯಿತು. ಹೆಂಗಸರಿಗೆ ಪಾರ್ಲಿಮೆಂಟಿನಲ್ಲಿ ದನಿಯಿಲ್ಲ, ಅವರು ಕಾನೂನು ಮಾಡುವುದಿಲ್ಲ, ಒಪ್ಪುವುದಿಲ್ಲ, ರದ್ದು ಮಾಡುವುದಿಲ್ಲ. ಅವರೆಲ್ಲರೂ ಮದುವೆಯಾದವರು ಅಥವಾ ಮದುವೆಯಾಗಬೇಕಾದವರು ಎಂದೇ ಲೆಕ್ಕ ಎಂದು ಅದರಲ್ಲಿ ನೇರವಾಗಿ ಬರೆದಿದೆ. ಮದುವೆಯಾದೊಡನೆ ಹೆಂಡತಿಯ ಹಣ, ಒಡವೆ, ಪಾತ್ರೆಪಡಗ ಗಂಡನ ಪಾಲಾಗುತ್ತಿತ್ತು. ಅವಳ ಜಮೀನಿನ ಆಡಳಿತ ಅವನ ಕೈಗೆ ಹೋಗುತ್ತಿತ್ತು. ಅವನ ಒಪ್ಪಿಗೆಯಿಲ್ಲದೆ ಅವಳು ಕರಾರು ಮಾಡಿಕೊಳ್ಳುವಂತಿರಲಿಲ್ಲ, ಉಯಿಲು ಬರೆಯುವಂತಿರಲಿಲ್ಲ. ಗಂಡ ಹೆಂಡತಿಯನ್ನು ಕೊಂದರೆ ಅದು ಕೊಲೆ, ನೇಣು. ಹೆಂಡತಿ ಗಂಡನನ್ನು ಕೊಂದರೆ 1351ರ ಶಾಸನದ ಪ್ರಕಾರ ಅದು ಕಿರು ರಾಜದ್ರೋಹ, ಅವಳನ್ನು ಕಂಬಕ್ಕೆ ಕಟ್ಟಿ ಸುಡುತ್ತಿದ್ದರು. ಮನೆಯೊಳಗೆ ಗಂಡನೇ ರಾಜ ಎಂಬ ಕಲ್ಪನೆ ಚರ್ಚಿನ ಉಪದೇಶಕ್ಕೆ ಸೀಮಿತವಾಗಿರಲಿಲ್ಲ, ದಂಡಸಂಹಿತೆಯಲ್ಲೇ ಇತ್ತು.

ಒಬ್ಬಳಿಗೆ ಮಾತ್ರ ಇದರಿಂದ ಬಿಡುವು ಸಿಗುತ್ತಿತ್ತು. ಅವಳು ವಿಧವೆ. ಗಂಡನ ಭೂಮಿಯ ಮೂರನೇ ಒಂದು ಪಾಲಿನ ಉತ್ಪನ್ನ ಜೀವಮಾನವಿಡೀ ಅವಳದು. ಅವಳು ವ್ಯಾಪಾರ ಮಾಡಬಹುದು, ದಾವೆ ಹೂಡಬಹುದು, ಉಯಿಲು ಬರೆಯಬಹುದು, ತನ್ನ ಹೆಸರಿನಲ್ಲೇ ಬದುಕಬಹುದು.

ಇಲ್ಲಿ ಕನ್ನಡದ ಓದುಗರಾದ ನಾವು ಒಂದು ಎಚ್ಚರ ತೆಗೆದುಕೊಳ್ಳಬೇಕು. ವಿಧವೆ, ಮರುಮದುವೆ ಎಂದಕೂಡಲೇ ನಮ್ಮ ನೆನಪು 1899ರ ‘ಇಂದಿರಾಬಾಯಿ’ಯ ಕಡೆಗೆ ಹೋಗುತ್ತದೆ. ಗುಲ್ವಾಡಿ ವೆಂಕಟರಾಯರ ಆ ಕಾದಂಬರಿಯಲ್ಲಿ ಹೋರಾಟ ಇರುವುದು ಮರುಮದುವೆಯನ್ನೇ ಒಪ್ಪದ ಸಮಾಜದ ಜೊತೆ. ವೆಬ್‌ಸ್ಟರ್‌ನ ಇಂಗ್ಲೆಂಡ್ ಹಾಗಿರಲಿಲ್ಲ. ಅಲ್ಲಿ ವಿಧವೆಯರ ಮರುಮದುವೆಗೆ ಕಾನೂನಿನ ಅಡ್ಡಿಯಿರಲಿಲ್ಲ, ಚರ್ಚಿನ ನಿಷೇಧವೂ ಇರಲಿಲ್ಲ; ದಿನನಿತ್ಯ ನಡೆಯುತ್ತಿದ್ದ ಸಂಗತಿ ಅದು. ಹಾಗಿದ್ದಮೇಲೆ ಡಚೆಸ್‌ಳ ಮೇಲೆ ಅಷ್ಟು ಕೋಪ ಏಕೆ? ಅವಳು ಮದುವೆಯಾದದ್ದಕ್ಕಲ್ಲ, ಯಾರನ್ನೂ ಕೇಳದೆ ತಾನೇ ಆರಿಸಿಕೊಂಡದ್ದಕ್ಕೆ. ಆರಿಸಿಕೊಂಡದ್ದೂ ತನ್ನ ಮನೆಯ ಲೆಕ್ಕಪತ್ರ ನೋಡುವ ಆಂಟೋನಿಯೋನನ್ನು.

ಮೊದಲ ಅಂಕದಲ್ಲೇ ಅಣ್ಣಂದಿರು ಅವಳಿಗೆ ಪಾಠ ಹೇಳುತ್ತಾರೆ. ಒಬ್ಬ ಡ್ಯೂಕ್, ಇನ್ನೊಬ್ಬ ಕಾರ್ಡಿನಲ್. ರಾಜ್ಯಾಧಿಕಾರವೂ ಧರ್ಮಾಧಿಕಾರವೂ ಒಂದೇ ಮನೆಯಲ್ಲಿವೆ. ‘ನಾನು ಮತ್ತೆ ಮದುವೆಯಾಗುವುದಿಲ್ಲ’ ಎಂದು ಅವಳು ಹೇಳಿದರೆ ಕಾರ್ಡಿನಲ್, ವಿಧವೆಯರ ಆ ಮಾತು ಶವಸಂಸ್ಕಾರದ ಪ್ರವಚನ ಮುಗಿಯುವವರೆಗೆ ಎನ್ನುತ್ತಾನೆ. ಫರ್ಡಿನೆಂಡ್ ಕಠಾರಿ ತೆಗೆದು ತೋರಿಸುತ್ತಾನೆ: ‘ಇದು ನಮ್ಮಪ್ಪನದು, ನೋಡಿದೆಯಾ? ಇದು ತುಕ್ಕು ಹಿಡಿದರೆ ನನಗೆ ಬೇಸರವಾಗುತ್ತದೆ.’ ಬೆದರಿಕೆಯಲ್ಲೂ ಅಪ್ಪನ ಹೆಸರು ಬೇಕು. ಸತ್ತವನ ಮಾನ ಕಾಯುವ ನೆಪದಲ್ಲಿ ಬದುಕಿರುವವಳ ಮೈಮೇಲೆ ಹಕ್ಕು ಚಲಾಯಿಸುವುದು ಈ ನಾಟಕದ ಗಂಡಸರಿಗೆ ಉಸಿರಾಟದಷ್ಟು ಸಹಜ.

ಅವರು ಹೊರಟ ಕೂಡಲೇ ಅವಳು ಆಂಟೋನಿಯೋನನ್ನು ಕರೆಸುತ್ತಾಳೆ. ಉಯಿಲು ಬರೆಯಬೇಕು ಅನ್ನುವುದು ನೆಪ. ಅವನ ಕಣ್ಣು ಕೆಂಪಗಿದೆ ಎಂದು ತನ್ನ ಮದುವೆಯುಂಗುರ ಕೊಡುತ್ತಾಳೆ, ಕಣ್ಣಿಗೆ ಒತ್ತಿಕೋ ಎಂದು. ‘ದೊಡ್ಡ ಮನೆಯಲ್ಲಿ ಹುಟ್ಟಿದವರ ಪಾಡು ನೋಡು, ನಮ್ಮನ್ನು ಕೇಳುವ ಧೈರ್ಯ ಯಾರಿಗೂ ಇಲ್ಲದ್ದರಿಂದ ನಾವೇ ಕೇಳಬೇಕು’ ಅನ್ನುತ್ತಾಳೆ. ‘ಇದು ರಕ್ತಮಾಂಸ, ಗಂಡನ ಗೋರಿಯ ಮೇಲೆ ಮಂಡಿಯೂರಿದ ಅಮೃತಶಿಲೆಯ ಬೊಂಬೆ ಅಲ್ಲ’ ಅನ್ನುತ್ತಾಳೆ. ಪರದೆಯ ಹಿಂದೆ ಅಡಗಿದ್ದ ಸಖಿ ಕ್ಯಾರಿಯೋಲಾ ಸಾಕ್ಷಿಯಾಗಿ ಹೊರಬರುತ್ತಾಳೆ. ಮದುವೆ ಆಯಿತು. ಪಾದ್ರಿ ಇಲ್ಲ, ಮೆರವಣಿಗೆ ಇಲ್ಲ. ಇವತ್ತು ಓದುವಾಗ ಇದೊಂದು ಗುಟ್ಟಿನ ಪ್ರೇಮದಾಟದ ಹಾಗೆ ಕಾಣಬಹುದು. ಆದರೆ ಆಗಿನ ಪ್ರೇಕ್ಷಕರಿಗೆ ಗೊತ್ತಿತ್ತು: ಗಂಡು ಹೆಣ್ಣು ಪರಸ್ಪರ ಎದುರಿಗೆ ನಿಂತು ‘ಈಗ ನಿನ್ನನ್ನು ವರಿಸುತ್ತಿದ್ದೇನೆ’ ಎಂದರೆ ಆ ಬಂಧ ಊರ್ಜಿತ. ಚರ್ಚಿಗೆ ಇಂಥ ಮದುವೆಗಳು ಇಷ್ಟವಿರಲಿಲ್ಲ, ಆದರೆ ಅವುಗಳನ್ನು ಅಲ್ಲಗಳೆಯುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಈ ನಿಯಮ 1753ರ ಕಾಯ್ದೆಯವರೆಗೂ ಉಳಿಯಿತು. ಡಚೆಸ್ ಕಾನೂನನ್ನು ಮುರಿಯಲಿಲ್ಲ, ಕಾನೂನು ಅನುಮತಿಸಿದ್ದನ್ನೇ ಮಾಡಿದಳು.

ಮೂರನೆಯ ಅಂಕದ ಶಯನಗೃಹದ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವರ್ಷಗಳು ಕಳೆದಿವೆ, ಮೂರು ಮಕ್ಕಳಾಗಿವೆ. ರಾತ್ರಿ. ಗಂಡ, ಹೆಂಡತಿ, ಸಖಿ ಮೂವರೂ ಹರಟುತ್ತಿದ್ದಾರೆ. ಆಂಟೋನಿಯೋ ಇಲ್ಲೇ ಮಲಗುತ್ತೇನೆ ಅನ್ನುತ್ತಾನೆ, ಅವಳು ಬೇಡ ಅನ್ನುತ್ತಾಳೆ, ಕ್ಯಾರಿಯೋಲಾ ನಗುತ್ತಾಳೆ. ಇಡೀ ನಾಟಕದಲ್ಲಿ ಒಂದು ಸಂಸಾರ ಸಂಸಾರದ ಹಾಗೆ ಕಾಣುವುದು ಇಲ್ಲಿ ಮಾತ್ರ. ಡಚೆಸ್ ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಅವಳನ್ನು ರೇಗಿಸಲೆಂದು ಆ ಇಬ್ಬರೂ ಸದ್ದಿಲ್ಲದೆ ಆಚೆ ಜಾರುತ್ತಾರೆ. ಅವಳಿಗೆ ತಿಳಿಯದು, ಮಾತಾಡುತ್ತಲೇ ಇದ್ದಾಳೆ: ‘ನನ್ನ ಕೂದಲ ಬಣ್ಣ ಬದಲಾಗುತ್ತಿದೆ ಅಲ್ಲವಾ? ನನಗೆ ನೆರೆತಾಗ ನೋಡು, ನನ್ನ ಹಾಗೆ ಕಾಣಬೇಕೆಂದು ಆಸ್ಥಾನದವರೆಲ್ಲ ತಲೆಗೆ ಪುಡಿ ಹಾಕಿಕೊಳ್ಳುವಂತೆ ಮಾಡುತ್ತೇನೆ.’ ಉತ್ತರ ಬರದೆ, ನಾಲಿಗೆ ಕಳೆದುಕೊಂಡೆಯಾ ಎಂದು ತಿರುಗಿದರೆ ಫರ್ಡಿನೆಂಡ್ ನಿಂತಿದ್ದಾನೆ, ಕೈಯಲ್ಲಿ ಕಠಾರಿ.

ಅವಳು ಚೀರುವುದಿಲ್ಲ. ‘ಬದುಕಲಿ, ಸಾಯಲಿ, ಎರಡನ್ನೂ ದೊರೆಯ ಹಾಗೆ ಮಾಡಬಲ್ಲೆ’ ಅನ್ನುತ್ತಾಳೆ. ಆಮೇಲೆ ಸರಳವಾಗಿ, ‘ನನಗೆ ಮದುವೆಯಾಗಿದೆ.’ ಫರ್ಡಿನೆಂಡ್‌ಗೆ ಆ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಪ್ರೇಮ, ಸಾವು, ಮಾನ ಮೂರೂ ಒಟ್ಟಿಗೆ ಪ್ರಯಾಣ ಹೊರಟ ಕತೆ ಹೇಳುತ್ತಾನೆ: ಸಾವನ್ನು ಯುದ್ಧಭೂಮಿಯಲ್ಲಿ ಹುಡುಕಬಹುದು, ಪ್ರೇಮವನ್ನು ಕುರುಬರ ನಡುವೆ ಹುಡುಕಬಹುದು, ಮಾನ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ. ಅವಳ ಉತ್ತರ ನನಗೆ ಇಡೀ ಯುಗದ ನಾಟಕಗಳಲ್ಲೇ ಅತ್ಯಂತ ದಿಟ್ಟ ಮಾತು ಅನ್ನಿಸುತ್ತದೆ. ‘ನಾನು ಯಾಕೆ ಮದುವೆಯಾಗಬಾರದು? ನಾನೇನು ಹೊಸ ಲೋಕವನ್ನೋ ಹೊಸ ಪದ್ಧತಿಯನ್ನೋ ಸೃಷ್ಟಿಸಲು ಹೊರಟಿಲ್ಲ.’ ಲೋಕದ ದೊರೆಗಳೆಲ್ಲರಲ್ಲಿ ನನ್ನೊಬ್ಬಳನ್ನೇ ಏಕೆ ಸಂತರ ಅಸ್ಥಿಯ ಹಾಗೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತೀರಿ, ನನಗೂ ಯೌವನವಿದೆ, ಒಂದಿಷ್ಟು ಚೆಲುವೂ ಇದೆ ಎಂದು ಕೇಳುತ್ತಾಳೆ. ಆಕೆ ಕ್ರಾಂತಿ ಮಾಡುತ್ತೇನೆಂದು ಎಲ್ಲೂ ಹೇಳುವುದಿಲ್ಲ. ನೆರೆಹೊರೆಯ ಯಾವ ವಿಧವೆಗೂ ಸಿಗುವ ಬದುಕು ತನಗೂ ಸಿಗಲಿ ಅನ್ನುತ್ತಾಳೆ, ಅಷ್ಟಕ್ಕೇ ಅವಳ ಪ್ರಾಣ ಹೋಗುತ್ತದೆ.

ಅಣ್ಣ ಕೊನೆಗೆ ಕೊಡುವ ಕಾರಣ ಇನ್ನೊಂದು: ಅವಳು ವಿಧವೆಯಾಗಿಯೇ ಸತ್ತಿದ್ದರೆ ತನಗೆ ಅಪಾರ ಸಂಪತ್ತು ಬರುತ್ತಿತ್ತು. ಅವಳಿಗೆ ಮೊದಲ ಗಂಡನಿಂದ ಒಬ್ಬ ಮಗನಿದ್ದಾನೆಂದು ನಾಟಕವೇ ಒಂದು ಕಡೆ ಹೇಳಿಬಿಡುವುದರಿಂದ ಆ ಕಾರಣ ಗಟ್ಟಿಯಾಗಿ ನಿಲ್ಲುವುದಿಲ್ಲ. ಅವನ ಕೋಪದ ಬೇರು ಆಸ್ತಿಯೋ, ಕುಲದ ಅಭಿಮಾನವೋ, ತಂಗಿಯ ಮೈಯ ಮೇಲಿನ ಅವನದೇ ಕತ್ತಲೆಯ ಆಸೆಯೋ ಎಂದು ವಿಮರ್ಶಕರು ಬಹಳ ಚರ್ಚಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ವೆಬ್‌ಸ್ಟರ್ ಬೇಕೆಂದೇ ಈ ಮೂರನ್ನೂ ಬಿಡಿಸದೆ ಬಿಟ್ಟಿದ್ದಾನೆ, ಮಾನದ ಹೆಸರಿನಲ್ಲಿ ಕೊಲ್ಲುವವನಿಗೆ ತಾನು ಯಾಕೆ ಕೊಲ್ಲುತ್ತಿದ್ದೇನೆಂದು ತಿಳಿದಿರಬೇಕಾಗಿಲ್ಲವಲ್ಲ.

ಇದು ಕಟ್ಟುಕತೆಯಾಗಿರಲಿಲ್ಲ. ಇಟಲಿಯ ಜೊವಾನಾ ದರಗೋನಾ ಎಂಬವಳು 1498ರಲ್ಲಿ ವಿಧವೆಯಾಗಿ, ತನ್ನ ಮನೆಯ ಮೇಲ್ವಿಚಾರಕನನ್ನೇ ಗುಟ್ಟಾಗಿ ಮದುವೆಯಾಗಿ, 1510ರಲ್ಲಿ ಆಂಕೋನಾ ಕಡೆಗೆ ಓಡಿಹೋದಳು. ಅವನನ್ನು 1513ರಲ್ಲಿ ಮಿಲಾನಿನಲ್ಲಿ ಕೊಂದರು. ಅವಳೂ ಮಕ್ಕಳೂ ಏನಾದರೆಂದು ದಾಖಲೆಯಿಲ್ಲ. ಆ ಕತೆಯನ್ನು 1567ರಲ್ಲಿ ವಿಲಿಯಂ ಪೇಂಟರ್ ಇಂಗ್ಲಿಷಿಗೆ ತಂದಾಗ ಅದರೊಳಗೆ ಸ್ವೇಚ್ಛೆಯ ಹೆಣ್ಣಿಗೆ ಬುದ್ಧಿ ಹೇಳುವ ದನಿ ಜೋರಾಗಿತ್ತು. ವೆಬ್‌ಸ್ಟರ್ ಅದೇ ಘಟನೆಗಳನ್ನು ಇಟ್ಟುಕೊಂಡು ದನಿಯನ್ನು ತಿರುಗಿಸಿದ. ಅವನ ನಾಟಕ 1613–14ರ ಹೊತ್ತಿಗೆ ಬ್ಲ್ಯಾಕ್‌ಫ್ರಯರ್ಸ್ ರಂಗಮಂದಿರದಲ್ಲಿ ಮೇಣದ ಬತ್ತಿಗಳ ಬೆಳಕಿನಲ್ಲಿ ನಡೆದಾಗ, ಅದೇ ಊರಿನ ಟವರ್ ಸೆರೆಮನೆಯಲ್ಲಿ ಅರ್ಬೆಲ್ಲಾ ಸ್ಟುವರ್ಟ್ ಇದ್ದಳು. ಸಿಂಹಾಸನಕ್ಕೆ ಹತ್ತಿರದ ರಕ್ತಸಂಬಂಧದ ಈ ಹೆಣ್ಣು 1610ರಲ್ಲಿ ದೊರೆ ಜೇಮ್ಸ್‌ನ ಅಪ್ಪಣೆಯಿಲ್ಲದೆ ವಿಲಿಯಂ ಸೀಮೋರ್‌ನನ್ನು ಮದುವೆಯಾದಳು. ಬಂಧನಕ್ಕೆ ಸಿಕ್ಕಳು, 1611ರಲ್ಲಿ ಗಂಡುಡುಗೆ ತೊಟ್ಟು ತಪ್ಪಿಸಿಕೊಂಡಳು, ಸಮುದ್ರದಲ್ಲಿ ಸಿಕ್ಕಿಬಿದ್ದಳು, 1615ರಲ್ಲಿ ಟವರಿನಲ್ಲೇ ಸತ್ತಳು. ಡಚೆಸ್‌ಳ ಪ್ರಶ್ನೆ ಕೇಳಿಸಿಕೊಂಡ ಪ್ರೇಕ್ಷಕರಲ್ಲಿ ಎಷ್ಟೋ ಜನಕ್ಕೆ ಅರ್ಬೆಲ್ಲಾಳ ನೆನಪು ಬಂದೇ ಬಂದಿರಬೇಕು.

ಆ ಪ್ರಶ್ನೆ ಹೊರಟದ್ದು ಒಬ್ಬ ಹುಡುಗನ ಬಾಯಿಂದ ಎಂಬುದನ್ನೂ ಮರೆಯಬಾರದು. ಇಟಲಿ, ಸ್ಪೇನ್, ಫ್ರಾನ್ಸುಗಳಲ್ಲಿ ನಟಿಯರಿದ್ದ ಕಾಲದಲ್ಲೂ ಇಂಗ್ಲೆಂಡಿನ ವೃತ್ತಿರಂಗಭೂಮಿಯಲ್ಲಿ ಹೆಣ್ಣಿನ ಪಾತ್ರ ಹುಡುಗರದು. 1623ರ ಮುದ್ರಿತ ಪ್ರತಿಯಲ್ಲಿ ಡಚೆಸ್ ಪಾತ್ರದ ಎದುರು ರಿಚರ್ಡ್ ಶಾರ್ಪ್ ಎಂಬ ಹೆಸರಿದೆ. ನಮ್ಮ ಕಂಪನಿ ನಾಟಕಗಳ, ಯಕ್ಷಗಾನ ಮೇಳಗಳ ಸ್ತ್ರೀವೇಷ ನೋಡಿದವರಿಗೆ ಅದರಲ್ಲಿ ಅಚ್ಚರಿಯೇನಿಲ್ಲ. ಒಳ್ಳೆಯ ವೇಷಧಾರಿ ಎದುರಿಗಿದ್ದಾಗ ಗಂಡು ಎಂಬುದು ಎರಡು ನಿಮಿಷದಲ್ಲಿ ಮರೆತುಹೋಗುತ್ತದೆ. ಆದರೆ ಹೆಣ್ಣಿನ ನೋವು ಆಡಲು ಹೆಣ್ಣಿಗೇ ಅವಕಾಶವಿಲ್ಲದ ಸ್ಥಿತಿ ಒಂದು ಕಟ್ಟುಪಾಡೇ. 1629ರಲ್ಲಿ ಫ್ರೆಂಚ್ ನಟಿಯರು ಅದೇ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಆಡಿದಾಗ ಕೂಗಿ ಓಡಿಸಿದರು. 1633ರಲ್ಲಿ ವಿಲಿಯಂ ಪ್ರಿನ್ ರಂಗಭೂಮಿಯ ವಿರುದ್ಧ ಬರೆದ ಬೃಹತ್ ಗ್ರಂಥದ ವಿಷಯಸೂಚಿಯಲ್ಲಿ ನಟಿಯರನ್ನು ವೇಶ್ಯೆಯರೆಂದು ಕರೆದ. ರಾಣಿಯೇ ಅರಮನೆಯ ನಾಟಕದಲ್ಲಿ ಪಾತ್ರ ಮಾಡಿದ್ದರಿಂದ ಅದು ಅವಳಿಗೇ ಅಂದ ಮಾತೆಂದು ಅವನ ಕಿವಿ ಕತ್ತರಿಸಿದರು. ರಾಣಿಯ ಮಾನಕ್ಕೆ ಅಷ್ಟು ಕಾವಲು ಇತ್ತು, ಆದರೂ ಲಂಡನ್ನಿನ ವೃತ್ತಿರಂಗಕ್ಕೆ ಇಂಗ್ಲಿಷ್ ನಟಿ ಬರಲು 1660 ಆಗಬೇಕಾಯಿತು.

ಹಾಸ್ಯ ನಾಟಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಷೇಕ್ಸ್‌ಪಿಯರ್‌ನ ‘ದ ಟೇಮಿಂಗ್ ಆಫ್ ದ ಶ್ರೂ’ದಲ್ಲಿ ಪೆಟ್ರೂಕಿಯೋ ಹೆಂಡತಿಯನ್ನು ನನ್ನ ಸೊತ್ತು, ನನ್ನ ಮನೆ, ನನ್ನ ಹೊಲ, ನನ್ನ ಕುದುರೆ, ನನ್ನ ಎತ್ತು, ನನ್ನ ಕತ್ತೆ ಎಂದು ಪಟ್ಟಿ ಮಾಡುವಾಗ ಆ ಕಾಲದ ಕಾನೂನಿನ ಭಾಷೆಯನ್ನೇ ಗಟ್ಟಿಯಾಗಿ ಹೇಳುತ್ತಾನೆ. ಅದಕ್ಕೆ ಜಾನ್ ಫ್ಲೆಚರ್ 1611ರ ಸುಮಾರಿಗೆ ಉತ್ತರ ಬರೆದ: ಅದೇ ಪೆಟ್ರೂಕಿಯೋನ ಎರಡನೆಯ ಹೆಂಡತಿ ಮರಿಯಾ ಮದುವೆಯ ರಾತ್ರಿ ಕೋಣೆಯ ಬಾಗಿಲು ಭದ್ರಪಡಿಸಿಕೊಂಡು ತನ್ನ ಷರತ್ತು ಒಪ್ಪಿಸುತ್ತಾಳೆ, ಊರ ಹೆಂಗಸರು ಬೆಂಬಲಕ್ಕೆ ಬರುತ್ತಾರೆ. 1633ರ ನವೆಂಬರಿನಲ್ಲಿ ಎರಡು ದಿನಗಳ ಅಂತರದಲ್ಲಿ ಎರಡೂ ನಾಟಕ ಅರಮನೆಯಲ್ಲಿ ನಡೆದವು. ಷೇಕ್ಸ್‌ಪಿಯರ್‌ನದು ‘ಮೆಚ್ಚುಗೆಯಾಯಿತು’, ಫ್ಲೆಚರ್‌ನದು ‘ಬಹಳ ಮೆಚ್ಚುಗೆಯಾಯಿತು’ ಎಂದು ನಾಟಕಗಳ ಉಸ್ತುವಾರಿಯ ಅರಮನೆ ಅಧಿಕಾರಿ ತನ್ನ ಪುಸ್ತಕದಲ್ಲಿ ಬರೆದಿಟ್ಟ. ನಗೆಯಲ್ಲಿ ಸಿಕ್ಕ ಈ ಗೆಲುವನ್ನು ನಾನು ಚಿಕ್ಕದೆಂದು ಹೇಳಲಾರೆ.

ಹೆಣ್ಣೊಬ್ಬಳೇ ಬರೆದ ನಾಟಕಕ್ಕೆ ಬರುತ್ತೇನೆ. 1613ರಲ್ಲಿ ಅಚ್ಚಾದ ‘ದ ಟ್ರ್ಯಾಜಿಡಿ ಆಫ್ ಮರಿಯಮ್’, ಇಂಗ್ಲಿಷಿನಲ್ಲಿ ಹೆಣ್ಣೊಬ್ಬಳ ಸ್ವತಂತ್ರ ನಾಟಕವಾಗಿ ಮುದ್ರಣ ಕಂಡ ಮೊದಲನೆಯದು. ಬರೆದವಳು ಎಲಿಜಬೆತ್ ಕೇರಿ; ಮುಖಪುಟದಲ್ಲಿ ಇರುವುದು ಹೆಸರಿನ ಮೊದಲಕ್ಷರಗಳು ಮಾತ್ರ. ರಂಗಕ್ಕಾಗಿ ಬರೆದದ್ದಲ್ಲ, ಓದಿಗಾಗಿ. ಹೆರೋದ ದೊರೆಯ ಹೆಂಡತಿ ಮರಿಯಮ್ ಗಂಡನ ಮೇಲಿನ ತಿರಸ್ಕಾರವನ್ನು ಮುಚ್ಚಿಟ್ಟು ನಗಲು ಒಪ್ಪುವುದಿಲ್ಲ, ಅದಕ್ಕೇ ತಲೆ ಕೊಡುತ್ತಾಳೆ. ಗಂಡನೊಬ್ಬನಿಗಲ್ಲದೆ ಇನ್ನೊಂದು ಕಿವಿಗೆ ಒಂದು ಒಳಮಾತು ಹೇಳಿದರೂ ಹೆಂಡತಿ ತನ್ನ ಹೆಸರು ತಾನೇ ಕೆಡಿಸಿಕೊಂಡಂತೆ ಎಂದು ಮೇಳ ಹಾಡುತ್ತದೆ. ಇನ್ನೊಂದು ಕಡೆ ಖಳನಾಯಕಿ ಸಲೋಮಿ, ವಿಚ್ಛೇದನದ ಹಕ್ಕು ಗಂಡಿಗೆ ಮಾತ್ರ ಏಕೆ, ಅವರಿಗೆ ಕೊಟ್ಟಮೇಲೆ ನಮಗೇಕಿಲ್ಲ ಎಂದು ಕೇಳುತ್ತಾಳೆ. ನೇರವಾದ ಮಾತನ್ನು ಕೇರಿ ಕೆಟ್ಟವಳ ಬಾಯಲ್ಲಿಟ್ಟಳು. ಬಹುಶಃ ಅಲ್ಲಿ ಮಾತ್ರ ಇಡಲು ಸಾಧ್ಯವಿತ್ತು. ‘ಒಥೆಲೋ’ದಲ್ಲೂ ಹೆಂಡತಿಯರಿಗೂ ಗಂಡಂದಿರ ಹಾಗೆಯೇ ಇಂದ್ರಿಯಗಳಿವೆ ಎನ್ನುವವಳು ಒಡತಿ ಡೆಸ್ಡಿಮೋನಾ ಅಲ್ಲ, ಸೇವಕಿ ಎಮಿಲಿಯಾ, 1622ರ ಮೊದಲ ಮುದ್ರಣದಲ್ಲಿ ಆ ಮಾತುಗಳೇ ಇಲ್ಲ.

ಸೇವಕಿಯರ ವಿಷಯ ಬಂದದ್ದರಿಂದ ಡಚೆಸ್‌ಳ ಕೊನೆಯ ಗಳಿಗೆಗೆ ಮರಳಬೇಕು. ಕೊರಳಿಗೆ ಹಗ್ಗ ಬಿಗಿಯುವವರು ಎದುರಿಗೆ ನಿಂತಿರುವಾಗ ಅವಳು ಕ್ಯಾರಿಯೋಲಾಗೆ ಹೇಳುತ್ತಾಳೆ: ಮಗನಿಗೆ ನೆಗಡಿಯಿದೆ, ಔಷಧ ಕುಡಿಸು, ಮಗಳು ಮಲಗುವ ಮುಂಚೆ ಪ್ರಾರ್ಥನೆ ಹೇಳಲಿ. ಆಮೇಲೆ ಮಂಡಿಯೂರಿ ಸಾಯುತ್ತಾಳೆ, ಸ್ವರ್ಗದ ಬಾಗಿಲು ಅರಮನೆಯ ಬಾಗಿಲಷ್ಟು ಎತ್ತರವಿಲ್ಲವೆಂದು. ಅದಾದ ತಕ್ಷಣ ಕ್ಯಾರಿಯೋಲಾಳ ಸರದಿ. ಅವಳಿಗೆ ಆ ಶಾಂತಿ ಇಲ್ಲ. ನನಗೆ ಮದುವೆ ನಿಶ್ಚಯವಾಗಿದೆ ಅನ್ನುತ್ತಾಳೆ. ಪಾಪನಿವೇದನೆ ಮಾಡಿಲ್ಲ, ಈಗ ಸತ್ತರೆ ನರಕ ಅನ್ನುತ್ತಾಳೆ. ಕಚ್ಚುತ್ತಾಳೆ, ಪರಚುತ್ತಾಳೆ. ಕೊನೆಗೆ ‘ನಾನು ಬಸುರಿ’ ಎಂದು ಕೂಗುತ್ತಾಳೆ. ಮರಣದಂಡನೆಗೆ ಗುರಿಯಾದ ಬಸುರಿಗೆ ಹೆರಿಗೆಯವರೆಗೆ ಜೀವದಾನ ಕೊಡುತ್ತಿದ್ದ ಇಂಗ್ಲಿಷ್ ಕಾನೂನಿನ ಆಸರೆ ಅದು. ಆದರೆ ಇಲ್ಲಿ ಕೋರ್ಟಿಲ್ಲ, ಆ ಕೂಗಿಗೆ ಬೆಲೆಯಿಲ್ಲ. ವಿದ್ಯಾರ್ಥಿಗಳಿಗೆ ಈ ಸಾವು ಒಡತಿಯ ಘನತೆಯನ್ನು ಎತ್ತಿತೋರಿಸಲು ಇಟ್ಟ ಹೋಲಿಕೆ ಎಂದು ಕಲಿಸುವುದುಂಟು. ನನಗೆ ಆ ಓದು ಒಪ್ಪಿಗೆಯಿಲ್ಲ. ಬದುಕಲು ಪರಚಾಡುವುದರಲ್ಲಿ ಕೀಳಾದದ್ದು ಏನಿದೆ? ಐದನೆಯ ಅಂಕದಲ್ಲಿ ಬೊಸೋಲಾ ತಾನು ಯಾರ ಯಾರ ಸಲುವಾಗಿ ಸೇಡು ತೀರಿಸಿದೆನೆಂದು ಹೆಸರು ಹೇಳುತ್ತಾನೆ: ಡಚೆಸ್, ಆಂಟೋನಿಯೋ, ಕಾರ್ಡಿನಲ್‌ನ ಪ್ರೇಯಸಿ ಜೂಲಿಯಾ, ಕೊನೆಗೆ ತಾನು. ಕ್ಯಾರಿಯೋಲಾ ಆ ಪಟ್ಟಿಯಲ್ಲಿಲ್ಲ.

ಹಾಗೆಯೇ ‘ಆರ್ಡನ್ ಆಫ್ ಫೇವರ್‌ಶ್ಯಾಮ್’. 1592ರಲ್ಲಿ ಮುದ್ರಣವಾದ ಈ ನಾಟಕದ ಕರ್ತೃವಿನ ಹೆಸರು ಪುಸ್ತಕದ ಮೇಲಿಲ್ಲ, ಘಟನೆ ನಿಜವಾದದ್ದು. ಕೆಂಟ್ ಪ್ರಾಂತ್ಯದ ಆ ಊರಿನಲ್ಲಿ 1551ರ ಫೆಬ್ರವರಿಯಲ್ಲಿ ಆಲಿಸ್ ಎಂಬವಳು ಪ್ರಿಯಕರ ಮೋಸ್ಬಿಯ ಜೊತೆ ಸೇರಿ ಗಂಡ ಥಾಮಸ್ ಆರ್ಡನ್‌ನನ್ನು ಕೊಲ್ಲಿಸಿದಳು. ಮಾರ್ಚ್ 14ರಂದು ಅವಳನ್ನು ಕ್ಯಾಂಟರ್‌ಬರಿಯಲ್ಲಿ ಸುಟ್ಟರು. ಸಾಮಾನ್ಯವಾಗಿ ಚರ್ಚೆಯೆಲ್ಲ ಆಲಿಸ್ ಸುತ್ತ ನಡೆಯುತ್ತದೆ, ನಡೆಯಲಿ. ನಾನು ಅವಳ ಮನೆಯ ಕೆಲಸದವಳು ಸೂಸನ್ ಬಗ್ಗೆ ಹೇಳಬೇಕು. ಒಡತಿ ಕೊಲೆಗೆ ಸಹಾಯ ಮಾಡುವವರಿಗೆಲ್ಲ ಬಹುಮಾನವಾಗಿ ಇವಳ ಕೈಯನ್ನೇ ಒಡ್ಡುತ್ತಾಳೆ. ಒಬ್ಬ ಚಿತ್ರಕಾರನಿಗೂ ಮಾತು ಕೊಟ್ಟಿದೆ, ಮನೆಯಾಳು ಮೈಕೆಲ್‌ಗೂ ಕೊಟ್ಟಿದೆ. ತನ್ನ ಮದುವೆಯ ಬಗ್ಗೆ ಗಂಡನ ಹಿಡಿತ ತಾಳಲಾರದೆ ದಂಗೆಯೆದ್ದ ಹೆಂಗಸು ಇನ್ನೊಬ್ಬ ಹೆಂಗಸಿನ ಮದುವೆಯನ್ನು ನಾಣ್ಯದ ಹಾಗೆ ಖರ್ಚು ಮಾಡುತ್ತಾಳೆ. ಕೊಲೆಯಾದ ಮೇಲೆ ನೆಲದ ರಕ್ತ ತೊಳೆಯಲು ಸೂಸನ್‌ಳ ಸಹಾಯ ಬೇಕಾಗುತ್ತದೆ. ತೀರ್ಪಿನ ಹೊತ್ತಿಗೆ ಅವಳೂ ಸಾಲಿನಲ್ಲಿದ್ದಾಳೆ: ‘ನಾನು ಯಾಕೆ ಸಾಯಬೇಕು? ಕೆಲಸ ಆಗುವವರೆಗೂ ನನಗೆ ಗೊತ್ತೇ ಇರಲಿಲ್ಲ.’ ಸೇವಕರು ಒಡೆಯನನ್ನು ಕೊಲ್ಲುವುದೂ ಕಿರು ರಾಜದ್ರೋಹವೇ. ಭೂಮಿಯ ಮೇಲೆ ಭರವಸೆಯಿಲ್ಲ, ಸ್ವರ್ಗದಲ್ಲಿದೆ ಎಂದು ಸೂಸನ್ ರಂಗದಿಂದ ಹೋಗುತ್ತಾಳೆ.

ನಾಟಕಕ್ಕೆ ಮೂಲವಾದ ಹಾಲಿನ್‌ಶೆಡ್‌ನ ಇತಿಹಾಸಗ್ರಂಥ ಇದನ್ನು ಬೇರೆ ರೀತಿ ದಾಖಲಿಸಿದೆ. ಅಲ್ಲಿನ ಪ್ರಕಾರ ಆ ಮನೆಯ ಕೆಲಸದವಳನ್ನು ಫೇವರ್‌ಶ್ಯಾಮ್‌ನಲ್ಲಿಯೇ ಸುಟ್ಟರು. ಅವಳು ತನ್ನ ಪಾಡಿಗೆ ಗೋಳಾಡಿದಳು, ತನ್ನನ್ನು ಈ ಗತಿಗೆ ತಂದ ಒಡತಿಯ ಹೆಸರು ಹಿಡಿದು ಕೂಗಿದಳು, ಅವಳನ್ನು ಎಂದಿಗೂ ಕ್ಷಮಿಸುವುದಿಲ್ಲ ಎಂದಳು. ನಾಟಕಕಾರ ಈ ಗ್ರಂಥವನ್ನು ಮುಂದಿಟ್ಟುಕೊಂಡೇ ಬರೆದವನು, ಸಣ್ಣಸಣ್ಣ ವಿವರಗಳನ್ನೂ ಅದರಿಂದ ಎತ್ತಿಕೊಂಡವನು. ಆ ಕೂಗನ್ನು ಮಾತ್ರ ರಂಗಕ್ಕೆ ತರಲಿಲ್ಲ.